ನೀಲಿ ನೀರಿನ ಬಕೀಟು

ಯರಗುಪ್ಪಿ
4-9-2025

ಅಮೃತಾ,

ಕಾಗದ ಬರೆಯುವವರು ಮೊದಲು ಕ್ಷೇಮ ಕೇಳುತ್ತಾರೆ. ನಾನು ಮೊದಲು ಬೈಯುತ್ತೇನೆ. ನಿನ್ನ ಅವ್ವನ ಸ್ವಂತ ತಂಗಿ ನಾನು. ನೀನು ವಿದೇಶಕ್ಕೆ ಹೊರಟ ಸುದ್ದಿ ನನಗೆ ನಮ್ಮ ಓಣಿಯ ತಾಯವ್ವನ ಬಾಯಿಂದ ಗೊತ್ತಾಗಬೇಕೇನು? ಅವಳ ಮಗಳು ಮೊಬೈಲಿನಲ್ಲಿ ನಿನ್ನ ಗಂಡನ ಸ್ಟೇಟಸ್ ನೋಡಿದ್ದಳಂತೆ. ನನ್ನ ಕಿವಿಯ ಹಣೆಬರಹ ನಿನಗೆ ಗೊತ್ತೇ ಇದೆ. ಅವಳು ಕಟ್ಟೆಯ ಮೇಲೆ ನಿಂತು ಕೂಗಿದಳು, "ನಿಮ್ಮ ಅಮೃತಾ ಇಮಾನ ಹತ್ತತಾಳಂತ್ರೀ ಸಾವಿತ್ರೆವ್ವಾ!" ಇಡೀ ಓಣಿಗೆ ಪೂರ್ತಿ ಕೇಳಿತು, ನನಗೆ ಅರ್ಧ ಕೇಳಿತು. ಉಳಿದರ್ಧ ಅವಳ ತುಟಿ ನೋಡಿ ತಿಳಿದುಕೊಂಡೆ.

ಇರಲಿ, ಖುಷಿಯಾಯಿತು. ಅಳಿಯಂದಿರು ತಮ್ಮ ಗೊಬ್ಬರದ ಅಂಗಡಿಯಿಂದ ಬಸ್ಸಿನಲ್ಲಿ ಹಾಕಿ ಕಳಿಸಿದ 'ನೀಲಮಿತ್ರ' ಗಿಡದ ಟಾನಿಕ್ಕನ್ನೆಲ್ಲ ನಮ್ಮ ಸಂಘದ ಹೆಂಗಸರು ತೆಗೆದುಕೊಂಡರು. ಕಲಘಟಗಿಯ ಭತ್ತದ ಸೀಮೆಯಲ್ಲಿ ಅದಕ್ಕೆ ಗಿರಾಕಿ ಇಲ್ಲ, ನಿಮ್ಮ ಮೆಣಸಿನಕಾಯಿ ಸೀಮೆಯಲ್ಲಿ ಹೋಗುತ್ತದೆ ಎಂದು ಅವರೇ ಹೇಳಿದ್ದರಲ್ಲ. ಹಾಗೇ ಆಯಿತು ನೋಡು. ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯವರು ಜೋಡಿಯಾಗಿ ದ್ವೀಪಕ್ಕೆ ಕರೆದೊಯ್ಯುತ್ತಾರೆಂದು ಕೇಳಿ ಜಮೀಲಾಬಿ, "ನಮ್ಮ ಬಾಟ್ಲಿ ಮ್ಯಾಲ ಕುಂತು ಅಮೃತಾ ಸಮುದ್ರಕ್ಕ ಹೊಂಟಾಳ ನೋಡ್ರಿ" ಎಂದು ನಕ್ಕಳು. ಎಲ್ಲರಿಗೂ ತಾವೇ ಹೊರಟಷ್ಟು ಹಿಗ್ಗು.

ಮೊನ್ನೆ ಬಂದ ಬಾಟಲಿಗಳ ಹೊಸ ಡಬ್ಬಿಯನ್ನು ಇನ್ನೂ ಒಡೆದಿಲ್ಲ. ಗಿಡ ಹೂವು ಹಿಡಿಯುವಾಗ ಹಂಚೋಣ ಎಂದು ಮಂಚದ ಕೆಳಗೆ ಇಟ್ಟಿದ್ದೇನೆ.

ಹೋಗಿ ಬಾ. ನೋಡಿದ್ದನ್ನೆಲ್ಲ ಬರೆ, ಒಂದೂ ಬಿಡಬೇಡ. ನಾನು ಸಮುದ್ರ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಫೋನಿನಲ್ಲಿ ಹೇಳಿದರೆ ನನಗೆ ಕೇಳುವುದಿಲ್ಲ. ನಿನ್ನ ಕಾಗದದಲ್ಲಿ ಎಷ್ಟು ಕಂಡೀತೋ ಅಷ್ಟೇ ನನ್ನ ಸಮುದ್ರ.

ನಿನ್ನ ಚಿಗವ್ವ
ಸಾವಿತ್ರೆವ್ವ


ಕಲಘಟಗಿ
19-9-2025

ಚಿಗವ್ವ,

ಬಂದಿದ್ದೇನೆ. ಬಂದ ಮೇಲೆ ಎರಡು ಸಲ ಎರೆದುಕೊಂಡೆ, ತಲೆಗೆ ಸೀಗೆಕಾಯಿ ಹಾಕಿ ತಿಕ್ಕಿದೆ. ಆದರೂ ಡೀಸೆಲ್ಲಿನ, ಮೀನಿನ, ಯಾರದೋ ಬೆವರಿನ ನಾತ ಮೈಗೆ ಹತ್ತಿಕೊಂಡೇ ಇದೆ ಅನಿಸುತ್ತದೆ. ಒಂದೂ ಬಿಡದೆ ಬರೆ ಅಂದಿದ್ದೀಯ. ಓದು, ನಿನಗೂ ಹೇಸಿಗೆಯಾಗಲಿ.

ಥೈಲ್ಯಾಂಡಿಗೆ ಹೋಗಿ ಇಳಿದ ಮರುದಿನವೇ ದ್ವೀಪ. ಬೆಳಿಗ್ಗೆ ಕಂಪನಿಯವರು ಎಲ್ಲರಿಗೂ ಒಂದೇ ನಮೂನೆಯ ನೀಲಿ ಅಂಗಿ ಹಂಚಿದರು. ಎದೆಯ ಮೇಲೆ ನೀಲಮಿತ್ರ ಬಾಟಲಿಯ ಚಿತ್ರ. ಗಂಡಸರಿಗೆ ಅದು ಹೊಟ್ಟೆಯ ಮೇಲೆ ಅಡ್ಡ ಮಲಗಿತು, ನಮಗೆ ಎಲ್ಲಿ ಬಂದು ಕೂತಿತೆಂದು ಬರೆಯಲು ನಾಚಿಕೆ. ಚೂಡಿದಾರದ ಮೇಲೆಯೇ ಎಳೆದುಕೊಂಡೆ. ನವಲಗುಂದದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಈರಬಸಪ್ಪನವರು ಸಾಕ್ಸಿನೊಳಗೆ ಗುಟಕಾ ಸುತ್ತಿಟ್ಟು ವಿಮಾನ ದಾಟಿಸಿದ್ದರು. ಬಸ್ಸಿನಲ್ಲಿ ಆ ಸಾಕ್ಸು ಕೈಯಿಂದ ಕೈಗೆ ಹೋಯಿತು. ಕಾಲಿನೊಳಗಿದ್ದದ್ದು ಬಾಯಿಗೆ. ಯಾರಿಗೂ ಏನೂ ಅನಿಸಲಿಲ್ಲ.

ಮೊದಲು ಜಿಪ್‌ಲೈನ್ ಅಂತ ಒಂದು ಆಟ. ಈ ಗುಡ್ಡದಿಂದ ಆ ಗುಡ್ಡಕ್ಕೆ ಉಕ್ಕಿನ ಹಗ್ಗ ಬಿಗಿದಿರುತ್ತಾರೆ. ನಮ್ಮ ತೊಡೆಗೂ ಸೊಂಟಕ್ಕೂ ಪಟ್ಟಿ ಕಟ್ಟಿ, ಹಗ್ಗದ ಮೇಲಿನ ಗಾಲಿಗೆ ಸಿಕ್ಕಿಸಿ ತಳ್ಳಿಬಿಡುತ್ತಾರೆ. ಕೆಳಗೆ ನಮ್ಮ ಅಳ್ನಾವರದ ಕಡೆ ಇರುವಂಥದೇ ಕಾಡು. ಅದನ್ನು ನೋಡಲು ಅಷ್ಟು ದೂರ ಹೋಗಬೇಕಿತ್ತೇ? ನನಗೆ ಕಟ್ಟಿದ ಪಟ್ಟಿ ಮುಂದಿನವನ ಬೆವರಿಗೆ ತೊಯ್ದು ತಣ್ಣಗಿತ್ತು. ತಲೆಗೆ ಹಾಕಿದ ಹೆಲ್ಮೆಟ್ಟಿನೊಳಗೆ ಬೇರೆ ಯಾರದೋ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಕೂದಲು.

ಕೊರಳಲ್ಲಿ ಏನೂ ಇರಬಾರದು ಎಂದು ಅಲ್ಲಿಯವರು ಸನ್ನೆ ಮಾಡಿದರು. ನಾನು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಒಳಗೆ ಸೊಂಟಕ್ಕೆ ಬಿಗಿದುಕೊಂಡೆ. ಇವರು ಮಾತ್ರ ಕೊರಳಿಂದ ಶಿವದಾರ ತೆಗೆದು, ಲಿಂಗದ ಕರಡಿಗೆ ಸಮೇತ ಅಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿಗೆ ಒಗೆದರು. ಬುಟ್ಟಿಯಲ್ಲಿ ಎಲ್ಲರ ಚಪ್ಪಲಿ, ಅದರ ಮೇಲೆ ಈರಬಸಪ್ಪನವರ ಸಾಕ್ಸು. "ಏನ್ರಿ ಇದು?" ಅಂದೆ. "ಜರಾ ಹೊತ್ತಿನ ಮಾತ ಐತಿ, ಸುಮ್ನಿರ" ಅಂದರು. ಒಣಹಾಕಿದ ಬಟ್ಟೆಯ ಹಾಗೆ ಜೋತಾಡುತ್ತ ಆ ಕಡೆಗೆ ಹೋದೆ. ಕಾಡು ನೋಡಿದ್ದು ನೆನಪಿಲ್ಲ, ಬಾಯೊಳಗೆ ಹುಳ ಹೊಕ್ಕದ್ದು ನೆನಪಿದೆ.

ಮಧ್ಯಾಹ್ನ ದೋಣಿ. ಊಟಕ್ಕೆ ತಣ್ಣಗಿನ ಅನ್ನ, ಪಕ್ಕದ ಪಾತ್ರೆಯಲ್ಲಿ ಏಡಿ, ಎರಡಕ್ಕೂ ಒಂದೇ ಸೌಟು. ನಾನು ಬಾಳೆಹಣ್ಣು ತಿಂದು ಕೂತೆ. ಸಮುದ್ರ ಹೇಗಿತ್ತು ಅಂತ ಕೇಳುತ್ತೀಯ. ನೀಲಿ ಇತ್ತು ಚಿಗವ್ವ, ತಳದ ಕಲ್ಲು ಕಾಣುವಷ್ಟು ತಿಳಿ. ಆ ತಿಳಿನೀರಿಗೆ ನಮ್ಮ ಗಂಡಸರು ಸಾಲಾಗಿ ನಿಂತು ಗುಟಕಾ ಉಗುಳಿದರು. ತಿನ್ನಲು ಏನೋ ಬಿತ್ತೆಂದು ಬಣ್ಣಬಣ್ಣದ ಮೀನುಗಳು ಆ ಕೆಂಪು ಉಗುಳಿಗೆ ಓಡಿ ಬಂದವು. ನಮ್ಮವರು ಬಿದ್ದುಬಿದ್ದು ನಕ್ಕರು.

ಆಮೇಲೆ ಸ್ನಾರ್ಕೆಲಿಂಗ್. ಕಣ್ಣಿಗೆ ಗಾಜು ಕಟ್ಟಿಕೊಂಡು, ಬಾಯಲ್ಲಿ ಒಂದು ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಬೋರಲು ಮಲಗಿ ಕೆಳಗಿನ ಮೀನು ನೋಡುವುದು. ಉಸಿರಾಡುವುದು ಆ ಕೊಳವೆಯಿಂದ. ನನಗೆ ಕೊಟ್ಟ ಕೊಳವೆಯ ಬಾಯಿಯ ತುಂಬ ಹಲ್ಲಿನ ಗುರುತು. ಯಾವ ಯಾವ ದೇಶದ ಹಲ್ಲೋ. ನಮ್ಮ ಎದುರೇ ಇನ್ನೊಂದು ಗುಂಪಿನವರು ಬಾಯಿಂದ ತೆಗೆದು ಕೊಟ್ಟದ್ದು, ಜೊಲ್ಲು ಕೂಡ ಆರಿರಲಿಲ್ಲ. ದೋಣಿಯವನು ಅದನ್ನು ಒಂದು ಬಕೀಟಿನಲ್ಲಿ ಅದ್ದಿ ತೆಗೆದು ನನ್ನ ಕೈಗಿಟ್ಟ. ಒಲ್ಲೆ ಅಂದೆ.

ಸಂಜೆ ಹೋಟೆಲ್ಲಿಗೆ ಬಂದು ವಾಂತಿ ಮಾಡಿಕೊಂಡೆ. ದೋಣಿಯ ಹೊಯ್ದಾಟಕ್ಕೆ ಆಗಿದೆ ಅಂದರು.

ಇಷ್ಟೇ ನಿನ್ನ ಸಮುದ್ರ. ಇನ್ನೊಂದು ಮಾತು. ಆ ಹೊಸ ಡಬ್ಬಿಯನ್ನು ಯಾರಿಗೂ ಕೊಡಬೇಡ. ಹಾಗೇ ಕಟ್ಟಿ ಇಡು. ಯಾಕೆ ಎಂದು ಈಗ ಕೇಳಬೇಡ.

ಅಮೃತಾ


ಯರಗುಪ್ಪಿ
24-9-2025

ಅಮೃತಾ,

ನಿನ್ನ ಕಾಗದ ಓದಿ ನಕ್ಕೂ ನಕ್ಕೂ ಹೊಟ್ಟೆ ಹಿಡಿಯಿತು. ಸಂಘದಲ್ಲಿ ಎಲ್ಲರಿಗೂ ಓದಿದೆ. ಸಾಕ್ಸಿನ ಸುದ್ದಿ ಬಂದಾಗ ಜಮೀಲಾಬಿ "ತೋಬಾ ತೋಬಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲಿಂಗವನ್ನು ಬುಟ್ಟಿಗೆ ಹಾಕಿದ ಸುದ್ದಿ ಮಾತ್ರ ಓದಲಿಲ್ಲ. ಆ ಸಾಲುಗಳ ಮೇಲೆ ಹೆಬ್ಬೆರಳು ಇಟ್ಟುಕೊಂಡು ಮುಂದೆ ಹೋದೆ. ಅಳಿಯಂದಿರ ಮರ್ಯಾದೆ ನಮ್ಮ ಮನೆಯ ಮರ್ಯಾದೆ. ನೀನಾದರೂ ಸೊಂಟಕ್ಕೆ ಕಟ್ಟಿಕೊಂಡೆಯಲ್ಲ, ಸಮಾಧಾನ.

ಕೊಳವೆ ಒಲ್ಲೆ ಅಂದದ್ದು ಚಲೋ ಆಯಿತು. ಎಂಜಲು ಯಾವ ದೇಶದ್ದಾದರೂ ಎಂಜಲೇ.

ಡಬ್ಬಿ ಕಟ್ಟಿ ಇಡು, ಯಾಕೆ ಎಂದು ಕೇಳಬೇಡ ಎಂದು ಬರೆದಿದ್ದೀಯ. ಕೇಳುವುದೇನು, ನನಗೆ ಅಷ್ಟೂ ತಿಳಿಯುವುದಿಲ್ಲವೇ? ಮುಂದೆ ರೇಟು ಏರುತ್ತದೆ, ಈಗ ಮುಚ್ಚಿಟ್ಟು ಆಗ ಮಾರೋಣ ಎಂದು ಅಳಿಯಂದಿರು ನಿನ್ನ ಕೈಯಿಂದ ಬರೆಸಿದ್ದಾರೆ. ಥೂ, ನನಗೆ ಅದು ಸೇರಲಿಲ್ಲ ಅಮೃತಾ. ಹೆಂಗಸರ ಗಿಡ ಈಗ ಬೇಡುತ್ತಿರುವಾಗ ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಕೂಡುವ ಬುದ್ಧಿ ನನಗೆ ಎಂದೂ ಇಲ್ಲ. ಕಾಗದ ಬಂದ ದಿನವೇ ಡಬ್ಬಿ ಒಡೆದು ಹಂಚಿದೆ, ಮೂಲೆಗೆ ಒಂದಿಷ್ಟು ಉಳಿದವು ಅಷ್ಟೇ. ಗಿಡಕ್ಕೆ ಹೊಡೆಯುವ ಬೇರೆ ಕೀಟನಾಶಕದ ಎಣ್ಣೆ ತರಲು ತಾಯವ್ವ ಕುಂದಗೋಳಕ್ಕೆ ಹೊರಟಿದ್ದಳು. "ಇದನ್ನ ಹೊಡಿ, ಸಾಕು" ಎಂದು ಅವಳನ್ನೂ ನಿಲ್ಲಿಸಿದೆ. ನಿನ್ನ ಗಂಡನಿಗೆ ಬೇಸರವಾದರೆ ಆಗಲಿ.

ಹೊಲದಲ್ಲಿ ಎಲ್ಲ ಚಲೋ ಇದೆ. ಎಲೆ ಸ್ವಲ್ಪ ಮುದುಡಿದಂತೆ ಕಾಣುತ್ತದೆ, ಬಿಸಿಲಿಗೆ ಇರಬೇಕು. ನೀನು ಅದರ ಚಿಂತೆ ಮಾಡಬೇಡ, ಹೊಟ್ಟೆ ನೆಟ್ಟಗೆ ನೋಡಿಕೊ. ಮಜ್ಜಿಗೆ ಅನ್ನ ಉಣ್ಣು.

ನಿನ್ನ ಚಿಗವ್ವ


ಕಲಘಟಗಿ
27-9-2025

ಚಿಗವ್ವ,

ಕೊಟ್ಟೇಬಿಟ್ಟೆಯಾ? ರೇಟಿನ ಮಾತು ನಿನಗೆ ಯಾರು ಹೇಳಿದರು? ನಾನು ಬರೆದಿದ್ದೆನೇ? ಕಟ್ಟಿ ಇಡು ಅಂದರೆ ಕಟ್ಟಿ ಇಡಲು ನಿನಗೇನಾಗಿತ್ತು? ಎಲ್ಲದಕ್ಕೂ ನೀನೇ ಒಂದು ಅರ್ಥ ಹಚ್ಚಿಕೊಂಡು ಕೂಡುತ್ತೀಯ.

ಎಲೆ ಮುದುಡುವುದು ಬಿಸಿಲಿಗಲ್ಲ, ರೋಗಕ್ಕೆ. ಅಂಗಡಿಯ ಗಲ್ಲೆಯ ಮುಂದೆ ಕೂತು ನನಗೂ ಅಷ್ಟು ತಿಳಿದಿದೆ. ನೀಲಮಿತ್ರ ರೋಗದ ಎಣ್ಣೆಯಲ್ಲ. ಅದನ್ನು ನಂಬಿಕೊಂಡು ಕೂಡಬೇಡಿ. ಈ ಕಾಗದ ಮುಟ್ಟಿದ ದಿನವೇ ತಾಯವ್ವ, ಜಮೀಲಾಬಿ ಇಬ್ಬರನ್ನೂ ಕರೆದುಕೊಂಡು ಕುಂದಗೋಳದ ರೈತ ಸಂಪರ್ಕ ಕೇಂದ್ರಕ್ಕೆ ಹೋಗು. ಒಂದು ಟೊಂಗೆ ಮುರಿದುಕೊಂಡು ಹೋಗಿ ತೋರಿಸಿ, ಅವರು ಹೇಳಿದ್ದನ್ನು ಹೊಡೆಯಿರಿ.

ಇವರು ಬಾಜೂಕೇ ಕೂತು ದ್ವೀಪದ ಫೋಟೋ ನೋಡುತ್ತಿದ್ದಾರೆ. "ಚಿಗವ್ವಗ ನಂದೂ ನಮಸ್ಕಾರ ಬರಿ. ಬರೂ ವರ್ಷ ಅವರನ್ನೂ ಕರಕೊಂಡ ಹೋಗೂಣು" ಅನ್ನುತ್ತಿದ್ದಾರೆ. ಬರೆದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲು ಈಗ ಆಗುವುದಿಲ್ಲ.

ಅಮೃತಾ


ಯರಗುಪ್ಪಿ
3-10-2025

ಅಮೃತಾ,

ನಿನ್ನೆ ಬನ್ನಿ ಹಬ್ಬ. ಪ್ರತಿ ವರ್ಷ ಸಂಜೆ ಸಂಘದ ಹೆಂಗಸರೆಲ್ಲ ಬಂದು ನನ್ನ ಕೈಗೆ ಬನ್ನಿ ಎಲೆ ಇಟ್ಟು "ಬಂಗಾರದಂಗ ಇರೂಣ್ರಿ" ಅನ್ನುತ್ತಿದ್ದರು. ಈ ಸಲ ದೀಪ ಹಚ್ಚಿದ ಮೇಲೂ ಕಟ್ಟೆಯ ಮೇಲೆ ಕೂತೇ ಇದ್ದೆ. ಯಾರೂ ಬರಲಿಲ್ಲ. ತಾಯವ್ವ ನಮ್ಮ ಮನೆ ದಾಟಿಕೊಂಡು ಮುಂದಿನ ಮನೆಗೆ ಹೋದಳು. ಕಿವಿ ಕೇಳದಿದ್ದರೇನು, ಕಣ್ಣಿಗೆ ಕಾಣುತ್ತದೆ.

ಕೊನೆಗೆ ಜಮೀಲಾಬಿ ಬಂದಳು. ಅವಳ ಕೈಯಲ್ಲಿ ಬೇರು ಸಮೇತ ಕಿತ್ತ ಮೆಣಸಿನ ಗಿಡ. ಎಲೆಗಳೆಲ್ಲ ಮುಷ್ಟಿ ಹಿಡಿದಿದ್ದವು. ಅವಳು ಎಲ್ಲರಂತೆ ಕೂಗಲಿಲ್ಲ. ನನಗೆ ತುಟಿ ಕಾಣುವಂತೆ ಎದುರಿಗೆ ಕೂತು ಸಾವಕಾಶ ಹೇಳಿದಳು: "ನಾ ನಿಮ್ಮ ಎಣ್ಣಿ ನಂಬಿದ್ದಿಲ್ರಿ ಸಾವಿತ್ರೆವ್ವಾ. ನಿಮ್ಮನ್ನ ನಂಬಿದ್ದೆ."

ನಿನಗೆ ಹೇಳದೇ ಇಟ್ಟದ್ದು ಎರಡಿವೆ. ಬಿಸಿಲಿಗೆ ಎಲೆ ಮುದುಡಿದೆ ಅಂತ ಬರೆದದ್ದು ಸುಳ್ಳು. ಆಗಲೇ ಎಲ್ಲರ ಹೊಲದಲ್ಲೂ ಹತ್ತಿಕೊಂಡಿತ್ತು. ಊರು ಸುತ್ತಿ ಬಂದ ಹುಡುಗಿಯ ಖುಷಿ ಯಾಕೆ ಕೆಡಿಸಲಿ ಎಂದು ಮುಚ್ಚಿದೆ. ಇನ್ನೊಂದು, ಮೊದಲ ಡಬ್ಬಿ ಬಂದ ದಿನದ್ದು. ತಾಯವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು "ಇದು ಖರೇನ ಔಷಧ ಐತೇನ್ರಿ?" ಎಂದು ಕೇಳಿದ್ದಳು. ಚಲೋ ಇದೆ ಎಂದು ನೀನು ಕಾಗದದಲ್ಲಿ ಬರೆದಿದ್ದೆ. ಆ ನಿನ್ನ ಒಂದು ಮಾತಿನ ಮೇಲೆ ನಾನು ಎಲ್ಲರ ಮುಂದೆ ಕೊರಳ ಲಿಂಗ ಮುಟ್ಟಿ "ಖರೇ ಐತಿ" ಅಂದೆ. ಈ ವಯಸ್ಸಿನವರೆಗೆ ನಾನು ಲಿಂಗ ಮುಟ್ಟಿ ಆಡಿದ ಮಾತು ಅದೊಂದೇ.

ಸಂಪರ್ಕ ಕೇಂದ್ರಕ್ಕೆ ಹೋಗಿದ್ದೆವು. ತಡ ಮಾಡಿದಿರಿ ಅಂದರು. ಅರ್ಧ ಹೊಲ ಉಳಿದರೆ ನಮ್ಮ ಪುಣ್ಯವಂತೆ.

ಈಗ ನಿನ್ನ ಸರದಿ. ದ್ವೀಪದ ಕಾಗದವನ್ನು ತೆಗೆದು ಮತ್ತೆ ಓದಿದೆ. ದೋಣಿಯಲ್ಲಿ ಒಲ್ಲೆ ಅಂದೆ ಎಂದು ಬರೆದಿದ್ದೀಯ. ಮುಂದಿನ ಸಾಲಿನಲ್ಲಿ ಹೋಟೆಲ್ಲಿನಲ್ಲಿ ವಾಂತಿ ಮಾಡುತ್ತೀಯ. ಬಾಯಿಗೇ ಹಾಕದವಳಿಗೆ ವಾಂತಿ ಯಾಕೆ? ಆಗ ನಗುವ ಭರದಲ್ಲಿ ನನಗೆ ಹೊಳೆಯಲಿಲ್ಲ. ಡಬ್ಬಿ ಕಟ್ಟಿ ಇಡು ಅಂದದ್ದೂ ಅದೇ ಕಾಗದದಲ್ಲಿ. ಆ ದೋಣಿಯಲ್ಲಿ ನೀನು ಏನೋ ಕೇಳಿದ್ದೀಯ. ಹೋದದ್ದು ನನ್ನ ಕಿವಿ, ನಿನ್ನದಲ್ಲ.

ಸಾವಿತ್ರೆವ್ವ


ಕಲಘಟಗಿ
6-10-2025

ಚಿಗವ್ವ,

ಬರೆಯುತ್ತೇನೆ. ಈಗ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.

ಒಲ್ಲೆ ಅಂದೆನಲ್ಲ. ಆಗ ದೋಣಿಯವನು ಬಕೀಟನ್ನು ತೋರಿಸಿ "ಮೆಡಿಸಿನ್, ಮೆಡಿಸಿನ್" ಅಂದ. ಬಕೀಟಿನ ನೀರು ನೀಲಿ ಇತ್ತು. ಬಗ್ಗಿ ನೋಡಿದೆ. ತಳದಲ್ಲಿ ಮರಳು, ಮೇಲೆ ಜೊಲ್ಲಿನ ನೊರೆ ತೇಲುತ್ತಿತ್ತು. ಮೂಗಿಗೆ ಔಷಧದ ವಾಸನೆಯೇ ಬರಲಿಲ್ಲ. ಹತ್ತಿರ ನಿಂತಿದ್ದವರಿಗೆ ನಾನು "ಇದು ಬರೇ ಬಣ್ಣದ ನೀರ ಐತಿ ನೋಡ್ರಿ" ಅಂದೆ.

ಈರಬಸಪ್ಪ ಗೊಳ್ಳನೆ ನಕ್ಕ. "ತಂಗೀ, ನಿನ್ನ ಅಂಗಿ ಮ್ಯಾಲಿನ ಬಾಟ್ಲ್ಯಾಗ ಮತ್ತೇನೈತಿ ಅಂತ ತಿಳದೀ?"

ಎಲ್ಲರೂ ನಕ್ಕರು. ಕಾಶಿನಾಥನೂ ನಕ್ಕ. ಹೌದು, ಗಂಡನ ಹೆಸರು ಹಿಡಿದು ಬರೆಯುತ್ತಿದ್ದೇನೆ. ಇವರು, ಅವರು ಎಂದು ಬರೆಯಲು ಇವತ್ತು ಕೈ ಏಳುತ್ತಿಲ್ಲ. "ನೀಲಿ ಕಂಡ್ರ ಸಾಕು, ಮಂದಿ ಔಷಧ ಅಂತಾರ. ಗಿಡಾ ತಾನ ಬೆಳಿತೈತಿ, ಹೆಸರ ನಮ್ಮ ಬಾಟ್ಲಿಗೆ ಬರತೈತಿ" ಅಂದ. ಅವನು ಇದನ್ನು ಮೊದಲ ಸಲ ಹೇಳುತ್ತಿರಲಿಲ್ಲ. ಅಲ್ಲಿದ್ದ ಗಂಡಸರಿಗೆಲ್ಲ ಇದು ಹಳೆಯ ನಗೆ. ಎದೆಯ ಮೇಲೆ ಆ ಬಾಟಲಿ ಹಾಕಿಕೊಂಡು ನಿಂತ ನನಗೊಬ್ಬಳಿಗೇ ಹೊಸದು.

ಆಮೇಲೆ ಯಾರೋ ಕೇಳಿದರು, ಭತ್ತದ ಸೀಮೆಯಲ್ಲಿ ಕೂತು ನೀನು ಅಷ್ಟು ಮಾರಿದ್ದು ಹೇಗೆ ಅಂತ. ಕಾಶಿನಾಥ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ನೀನು ಓದಲೇಬೇಕು. "ಯರಗುಪ್ಪ್ಯಾಗ ನಮ್ಮ ಚಿಗವ್ವ ಅದಾಳ. ಆಕಿ ಹೇಳಿದ್ರ ಊರ ಕೇಳತೈತಿ. ಆಕಿಗೆ ಮಾತ್ರ ಯಾರ ತಕರಾರೂ ಕೇಳೂದಿಲ್ಲ." ಕಿವಿಯ ಹತ್ತಿರ ಬೆರಳು ಆಡಿಸಿ ತೋರಿಸಿದ. ಎಲ್ಲರೂ ಬಿಯರಿನ ಡಬ್ಬಿ ಎತ್ತಿ ನಿನ್ನ ಹೆಸರಿಗೆ ಜೈ ಅಂದರು.

ನಾನು ಏನು ಮಾಡಬೇಕಿತ್ತು? ಅವನ ಮುಖಕ್ಕೆ ಉಗುಳಬೇಕಿತ್ತು. ಸಮುದ್ರಕ್ಕೇ ಉಗುಳಿದ ಮಂದಿ, ನಾನು ಉಗುಳಿದ್ದರೆ ತಪ್ಪೇನಿತ್ತು? ಉಗುಳಲಿಲ್ಲ. ಆ ನಗೆಯ ನಡುವೆ ನಿಲ್ಲಲಾಗದೆ ಅದೇ ಕೊಳವೆಯನ್ನು ಬಾಯಿಗೆ ತುರುಕಿಕೊಂಡು ನೀರಿಗೆ ಇಳಿದೆ. ರಬ್ಬರು, ಉಪ್ಪು, ಇನ್ನೊಬ್ಬರ ಬಾಯಿಯ ರುಚಿ. ಕೆಳಗೆ ಹಳದಿ ಪಟ್ಟೆಯ ಮೀನುಗಳು ಕಲ್ಲಿನ ಸಂದಿಯಿಂದ ಸಂದಿಗೆ ಹೋಗುತ್ತಿದ್ದವು. ಚೆಂದ ಇತ್ತು ಚಿಗವ್ವ. ಬಹಳ ಚೆಂದ ಇತ್ತು. ನೋಡುತ್ತ ನೋಡುತ್ತ ಸ್ವಲ್ಪ ಹೊತ್ತು ನಿನ್ನನ್ನು ಮರೆತುಬಿಟ್ಟೆ. ಮೇಲೆ ಬಂದಾಗ ನೆನಪಾಯಿತು. ನನಗೆ ವಾಂತಿಯಾದದ್ದು ಎಂಜಲಿಗಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿ.

ಬಂದ ಕೂಡಲೇ ಹೇಳಬಹುದಿತ್ತು. ಡಬ್ಬಿ ಕಟ್ಟಿಡು ಅಂದರೆ ಸಾಕು, ನಿನಗೂ ನೋವಾಗುವುದಿಲ್ಲ, ನನ್ನ ಸಂಸಾರವೂ ಕೆಡುವುದಿಲ್ಲ ಅಂದುಕೊಂಡೆ. ನೀನು ಲಿಂಗ ಮುಟ್ಟಿದ್ದು ನನಗೆ ಗೊತ್ತಿರಲಿಲ್ಲ.

ನಿನ್ನೆ ಜಮೀಲಾಬಿಯ ಗಿಡದ ಸುದ್ದಿಯನ್ನು ಅವನಿಗೆ ಹೇಳಿದೆ. ಉಣ್ಣುತ್ತ ಕೂತಿದ್ದ. ತುತ್ತು ಕೂಡ ನಿಲ್ಲಿಸಲಿಲ್ಲ. "ಅದು ಬರೇ ನೀರ ಐತಿ ಮಾರಾಯ್ತಿ. ಮನಷ್ಯಾ ಕುಡದ್ರೂ ಏನೂ ಆಗೂದಿಲ್ಲ, ಗಿಡಕ್ಕೇನ ಆಗತೈತಿ?" ಅಂದ. ಔಷಧ ಅಂತ ನಂಬಿ ಬೇರೆ ಎಣ್ಣೆ ಬಿಟ್ಟರಲ್ಲ ಎಂದರೆ, "ಬಿಡ್ರಿ ಅಂತ ನಾ ಹೇಳಿದ್ನೇನು?" ಅಂದು ಸಾರು ಹಾಕಿಸಿಕೊಂಡ.

ಈ ಸಲ ಏನೂ ಬಿಟ್ಟಿಲ್ಲ.

ಅಮೃತಾ


ಯರಗುಪ್ಪಿ
8-10-2025

ಅಮೃತಾ,

ನಿನ್ನ ಕಾಗದವನ್ನು ಸಂಘದಲ್ಲಿ ಪೂರ್ತಿ ಓದಿದೆ. ಯಾವ ಸಾಲಿನ ಮೇಲೂ ಹೆಬ್ಬೆರಳು ಇಡಲಿಲ್ಲ. ನನ್ನ ಕಿವಿಯ ಮಾತನ್ನೂ ಓದಿದೆ. ಹಳೆಯ ಕಾಗದ ತೆಗೆದು ಬುಟ್ಟಿಯ ಮಾತನ್ನೂ ಓದಿದೆ. ಎಷ್ಟು ಗಟ್ಟಿಯಾಗಿ ಓದಿದೆನೋ ನನಗೆ ಗೊತ್ತಿಲ್ಲ, ಮುಗಿಸಿ ತಲೆ ಎತ್ತಿದರೆ ಬಾಗಿಲಲ್ಲಿ ಗಂಡಸರೂ ಬಂದು ನಿಂತಿದ್ದರು.

ಮೊದಲು ಎದ್ದವಳು ತಾಯವ್ವ. "ಇಲ್ಲಿ ಕುಂತ ಏನ ಮಾಡೂದೈತ್ರಿ, ನಡೀರಿ ಹೋಗೂಣು" ಅಂದಳು. ಬರುವ ಸೋಮವಾರ ಮುಂಜಾನೆಯ ಬಸ್ಸಿಗೆ ಎಲ್ಲರೂ ಹೊರಡುತ್ತೇವೆ. ಹುಬ್ಬಳ್ಳಿಯಲ್ಲಿ ಇಳಿದು ಕಲಘಟಗಿ ಬಸ್ಸು. ಹೆಂಗಸರಿಗೆ ಪುಕ್ಕಟೆ, ಆಧಾರ ಕಾರ್ಡು ಇದ್ದರೆ ಸಾಕು. ಉಳಿದ ಬಾಟಲಿಗಳನ್ನೂ ಜಮೀಲಾಬಿಯ ಗಿಡವನ್ನೂ ತರುತ್ತೇವೆ.

ಹೊಡೆಯುವುದಿಲ್ಲ, ಬೈಯುವುದೂ ಇಲ್ಲ ಎಂದು ನಿನ್ನ ಗಂಡನಿಗೆ ಹೇಳು. ಲಿಂಗ ಮುಟ್ಟಿ ಆಣೆ ಮಾಡು ಎಂದೂ ಕೇಳುವುದಿಲ್ಲ. ಚಪ್ಪಲಿಯ ಬುಟ್ಟಿಗೆ ಲಿಂಗ ಒಗೆದವನ ಆಣೆ ನನಗೆ ಬೇಡ. ಕುಡಿದರೂ ಏನೂ ಆಗುವುದಿಲ್ಲ ಅಂದನಲ್ಲ, ಕುಡಿಯಲಿ. ಅಂಗಡಿಯ ಬಾಗಿಲಲ್ಲಿ, ಗಿರಾಕಿಗಳ ಎದುರಿಗೆ, ಒಂದು ಲೋಟ. ಕುಡಿದರೆ ಅದು ಬರೀ ನೀರು ಎಂದು ಕಲಘಟಗಿಗೆ ಗೊತ್ತಾಗಲಿ. ಒಲ್ಲೆ ಅಂದರೆ, ತಾನು ಒಲ್ಲದ್ದನ್ನು ನಮ್ಮ ಹೊಲಕ್ಕೆ ಹೊಡೆಸಿದ ಎಂದು ಗೊತ್ತಾಗಲಿ.

ನೀನು ಒಂದು ಲೋಟ ತೊಳೆದಿಡು. ಆಗದಿದ್ದರೆ ಅವತ್ತಿನ ಮಟ್ಟಿಗೆ ಅವ್ವನ ಮನೆಗೆ ಹೋಗಿ ಕೂಡು. ಸಂಸಾರ ನಿನ್ನದು, ನಾನು ಜುಲುಮೆ ಮಾಡುವುದಿಲ್ಲ. ಆದರೆ ಅಲ್ಲಿಂದ ನನಗೆ ಮತ್ತೆ ಕಾಗದ ಬರೆಯಬೇಡ.

ಸಾವಿತ್ರೆವ್ವ


ಕಲಘಟಗಿ
10-10-2025

ಚಿಗವ್ವ,

ಅವ್ವನ ಮನೆಗೆ ಹೋಗುವುದಿಲ್ಲ.

ನಿನ್ನ ಕಾಗದವನ್ನು ಕಾಶಿನಾಥನಿಗೆ ಓದಿ ಹೇಳಿದೆ. ಮೊದಲು ನಕ್ಕ. ಆಮೇಲೆ ಸೋಮವಾರ ತನಗೆ ಧಾರವಾಡದಲ್ಲಿ ಕೆಲಸವಿದೆ ಅಂದ. ಅಂಥ ಕೆಲಸ ಏನೂ ಇಲ್ಲ. ಕೊನೆಗೆ ದನಿ ಇಳಿಸಿ, "ಅದರಾಗ ಬಣ್ಣಕ್ಕ ಏನ ಹಾಕ್ತಾರೋ ಯಾರಿಗ್ಗೊತ್ತ, ಕುಡದ್ರ ಹೊಟ್ಟಿ ಸುಡತೈತಿ" ಅಂದ. ಬರೇ ನೀರು ಅಂದ ಬಾಯಿಯೇ ಇದು. ಇಷ್ಟು ವರ್ಷ ಈ ಮನುಷ್ಯನ ತಟ್ಟೆಯಲ್ಲಿ ಉಂಡಿದ್ದೇನೆ, ಇವತ್ತು ಅವನು ಉಂಡೆದ್ದ ತಟ್ಟೆ ಮುಟ್ಟಲು ಅಸಹ್ಯವಾಯಿತು.

ಮೋಟರ್ ಸೈಕಲ್ಲಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿದೆ. ಸೋಮವಾರ ಅಂಗಡಿಯ ಬಾಗಿಲು ನಾನೇ ತೆಗೆಯುತ್ತೇನೆ. ಅವನು ಹಗ್ಗಕ್ಕೆ ಜೋತುಬಿದ್ದು ಕಿರುಚುವ ಫೋಟೋಕ್ಕೆ ಕಟ್ಟು ಹಾಕಿಸಿ ಗಲ್ಲೆಯ ಮೇಲೆ ತೂಗುಹಾಕಿದ್ದಾನೆ. ಅದನ್ನು ತೆಗೆಯುವುದಿಲ್ಲ, ತಾಯವ್ವನೂ ಜಮೀಲಾಬಿಯೂ ನೋಡಲಿ.

ಲೋಟ ತೊಳೆದಿಟ್ಟಿದ್ದೇನೆ. ಒಂದಲ್ಲ, ಎರಡು. ಚಲೋ ಇದೆ ಎಂದು ನಿನಗೆ ಬರೆದ ಕೈ ನನ್ನದು. ಮೊದಲನೆಯದು ಅವನಿಗೆ, ಎರಡನೆಯದು ನನಗೆ. ಅವನು ಏನಂದರೂ ಸರಿ, ನಿನ್ನ ಕೈಯಿಂದಲೇ ತುಂಬಿ ಕೊಡು. ನಾನು ಒಲ್ಲೆ ಅನ್ನುವುದಿಲ್ಲ.

ನಿನ್ನ ಅಮೃತಾ